ರಾಣಿಯನ್ನು ಮುಟ್ಟಿದ ಡಮ್ಮಿ

ಇಸ್ಪೀಟಿನ ವಿಷಯದಲ್ಲಿ ನನಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಆ ಕಾಲ ಕಳೆದ ತಿಂಗಳು ಒಂದು ಭಾನುವಾರ ಮಧ್ಯಾಹ್ನ ಮುಗಿಯಿತು.

ಯಶವಂತಪುರದ ಒಂದು ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಳ್ಳುತ್ತಿದ್ದವನು ನಾನು. ನಟ್ಟು, ಬೋಲ್ಟು, ವಾಷರು ಎಲ್ಲವೂ ಅದರದರ ಡಬ್ಬಿಯಲ್ಲಿ ನೆಟ್ಟಗೆ ಕೂತಿರಬೇಕು, ಇಲ್ಲದಿದ್ದರೆ ನನಗೆ ಊಟ ಸೇರುತ್ತಿರಲಿಲ್ಲ. ಊಟವಾದ ಮೇಲೆ ರಮ್ಮಿ. ನಾನು ಎಲೆ ಕಲಸುವ ಚಂದ ನೋಡಲೆಂದೇ ಬೇರೆ ವಿಭಾಗದವರು ಬಂದು ನಿಲ್ಲುತ್ತಿದ್ದರು.

ನನ್ನ ಹೆಂಡತಿ ವಿಮಲಾ ಆಡುವುದು ಬ್ರಿಜ್. ವಿದ್ಯಾರಣ್ಯಪುರದ ನಮ್ಮ ಕ್ಲಬ್ಬಿನಲ್ಲಿ ಅವಳಿಗೆ ಅದನ್ನು ಕಲಿಸಿದವರು ಇಂದಿರಮ್ಮ, ಮತ್ತಿಕೆರೆಯ ನಿವೃತ್ತ ಗಣಿತದ ಟೀಚರು. ಮೊದಲ ವರ್ಷ ಇಬ್ಬರೂ ಪ್ರತಿ ಸಲ ಕೊನೆಯ ಸ್ಥಾನ. ವಿಮಲಾ ಚಪಾತಿ ಲಟ್ಟಿಸುತ್ತಲೇ ಎಲೆ ಎಣಿಸುವುದನ್ನು ಅಭ್ಯಾಸ ಮಾಡಿದಳು. ನಾಲ್ಕೇ ವರ್ಷದಲ್ಲಿ ಆ ಜೋಡಿ ಬಂದರೆ ಎದುರಾಳಿಗಳು ನೀರು ಕುಡಿಯುವಂತಾಯಿತು. ಆ ಭಾನುವಾರ ಗೆದ್ದ ಜೋಡಿ ಕ್ಲಬ್ಬಿನ ಪರವಾಗಿ ಮೈಸೂರಿನ ಪಂದ್ಯಕ್ಕೆ ಹೋಗಬೇಕಿತ್ತು. ವಿಮಲಾ ಒಂದು ವರ್ಷದಿಂದ ಅದನ್ನೇ ಧ್ಯಾನಿಸುತ್ತಿದ್ದಳು.

ಎರಡು ದಿನ ಮುಂಚೆ ಇಂದಿರಮ್ಮನವರ ಕಣ್ಣಿನ ಪೊರೆಗೆ ಆಪರೇಷನ್ ಆಯಿತು. ಕ್ಲಬ್ಬಿನ ಉಳಿದವರೆಲ್ಲ ಆಗಲೇ ಜೋಡಿಯಾಗಿದ್ದರು. ವಿಮಲಾ ಮನೆಯೆಲ್ಲ ಕಣ್ಣಾಡಿಸಿದಳು. ನಾನೊಬ್ಬನೇ ಇದ್ದೆ.

"ರೀ, ನೀವು ಸುಮ್ನೆ ಎದುರಿಗೆ ಕೂತ್ಕೊಳಿ ಸಾಕು. ಬುದ್ಧಿ ಉಪಯೋಗಿಸ್ಬೇಡಿ."

"ನಲವತ್ತು ವರ್ಷದ ಅನುಭವ ಕಣೇ ನಂದು!"

"ಅದೇ ನಂಗ್ ಭಯ!"

ಎರಡು ಸಂಜೆ ತರಬೇತಿ ನಡೆಯಿತು. ಮೊದಲು ಕೂಗು, ಅಂದರೆ ಎಷ್ಟು ಸುತ್ತು ಗೆಲ್ಲುತ್ತೇವೆಂಬ ಹರಾಜು; ಆಮೇಲೆ ಆಟ. ಕೂಗಿನಲ್ಲಿ ಗೆದ್ದವರ ಜೊತೆಗಾರ ತನ್ನ ಹದಿಮೂರು ಎಲೆಗಳನ್ನೂ ಮೇಜಿನ ಮೇಲೆ ಬಿಚ್ಚಿಟ್ಟು ಸುಮ್ಮನೆ ಕೂರಬೇಕು. ಅವನನ್ನು ಡಮ್ಮಿ ಎನ್ನುತ್ತಾರೆ. ಮಾತಿಲ್ಲ, ಕತೆಯಿಲ್ಲ. ಹೆಂಡತಿ ಹೇಳಿದ ಎಲೆಯನ್ನು ಹಾಕುವುದಷ್ಟೇ ಕೆಲಸ. ಮೂವತ್ತೈದು ವರ್ಷದ ಸಂಸಾರದಲ್ಲಿ ಇದಕ್ಕೆ ನಾನು ಸಂಪೂರ್ಣ ತಯಾರಾಗಿದ್ದೆ!

ಪಂದ್ಯದ ಮೊದಲ ಆಟವನ್ನು ವಿಮಲಾ ಸಲೀಸಾಗಿ ಗೆದ್ದಳು. ನನಗೆ ಉತ್ಸಾಹ ಉಕ್ಕಿ ಬಂತು. ನಾಲ್ವರ ಎಲೆಗಳನ್ನೂ ಬಾಚಿ, ಒಂದೇ ಕಟ್ಟು ಮಾಡಿ, ನನ್ನ ಸುಪ್ರಸಿದ್ಧ ಶೈಲಿಯಲ್ಲಿ ಫರ್ರನೆ ಕಲಸಿದೆ. ತಲೆಯೆತ್ತಿ ನೋಡಿದರೆ ಯಾರೂ ಚಪ್ಪಾಳೆ ತಟ್ಟುತ್ತಿಲ್ಲ.

ಬ್ರಿಜ್ಜಿನಲ್ಲಿ ಆಡಿದ ಎಲೆಗಳನ್ನು ಕಲಸುವ ಹಾಗಿಲ್ಲವಂತೆ. ಅವರವರ ಎಲೆ ಮೇಜಿನ ಮೇಲಿನ ಪೆಟ್ಟಿಗೆಯಲ್ಲಿ ಅವರವರ ಗೂಡಿಗೆ ಹೋಗಬೇಕು. ಅದೇ ಎಲೆಗಳನ್ನು ಮುಂದಿನ ಮೇಜಿನವರೂ ಆಡಬೇಕು, ಯಾರು ಚೆನ್ನಾಗಿ ಆಡಿದರೆಂದು ಆಮೇಲೆ ಹೋಲಿಸಬೇಕು. ವಿಮಲಾ ಇದನ್ನು ಹೇಳಿದ್ದಳು. ಆಗ ನಾನು ಬೋಂಡ ತಿನ್ನುತ್ತಿದ್ದೆ.

ತೀರ್ಪುಗಾರ ನಂಜುಂಡಪ್ಪನವರು ಬಂದರು. ಬಾಗಲೂರಿನವರು, ಸಿಟಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಟಿಕೆಟ್ ಇಲ್ಲದವರ ನೆಪಗಳನ್ನೆಲ್ಲ ಕೇಳಿ ಮುಗಿಸಿದ ಮನುಷ್ಯ.

"ಏನ್ ಸಾ, ಇಂಗ್ ಮಾಡ್ಬುಟ್ರಿ? ಓಗ್ಲಿ, ಯಾರ್ಯಾರತ್ರ ಏನೇನಿತ್ತು, ಏಳಿ."

ಎದುರಾಳಿಗಳಿಬ್ಬರೂ ತಮ್ಮ ಹದಿಮೂರು ಎಲೆಗಳನ್ನು ಗಡಗಡನೆ ಒಪ್ಪಿಸಿದರು. ವಿಮಲಾ ತನ್ನದನ್ನೂ ಹೇಳಿ, ನನ್ನದನ್ನೂ ಹೇಳಿದಳು. ನನ್ನ ಎಲೆಗಳು ನನ್ನೊಬ್ಬನನ್ನು ಬಿಟ್ಟು ಎಲ್ಲರಿಗೂ ನೆನಪಿದ್ದವು! ಆದರೂ ನಮಗೆ ಅಂಕ ಕಡಿತವಾಯಿತು.

ವಿಮಲಾ ಬೈಯಲಿಲ್ಲ. ಹಲ್ಲು ಕಚ್ಚಿ ಆಡಿದಳು. ಮೇಜಿನಿಂದ ಮೇಜಿಗೆ ಹೋದ ಹಾಗೆ ನಾವು ಮೇಲೇರಿದೆವು. ಕೊನೆಯ ಮೇಜಿನಲ್ಲಿ ಕೂತಿದ್ದವರು ಪಾಟೀಲರು ಮತ್ತು ಅವರ ಜೊತೆಗಾರ. ಪಾಟೀಲರು ಹುಬ್ಬಳ್ಳಿ ಕಡೆಯಿಂದ ಬಂದು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಮಾಡಿದವರು, ಕ್ಲಬ್ಬಿನ ಹಳೇ ಹುಲಿ. ಈ ಒಂದು ಆಟ ಗೆದ್ದರೆ ನಾವು ಮೊದಲು, ಸೋತರೆ ಅವರು ಮೊದಲು.

ಹದಿಮೂರು ಸುತ್ತಿನಲ್ಲಿ ಹನ್ನೆರಡನ್ನು ಗೆಲ್ಲುತ್ತೇನೆಂದು ವಿಮಲಾ ಕೂಗಿದಳು. ನಾನು ಎಲೆ ಬಿಚ್ಚಿಟ್ಟು ಡಮ್ಮಿಯಾದೆ. ಸುತ್ತಿನ ಮೇಲೆ ಸುತ್ತು ಗೆದ್ದು, ಒಂದನ್ನು ಮಾತ್ರ ಕಳೆದುಕೊಂಡು, ಎಲ್ಲವೂ ಒಂದೇ ಎಲೆಯ ಮೇಲೆ ನಿಂತಿತು. ನನ್ನ ಮುಂದೆ ಆಟೀನ್ ಎಕ್ಕ ಮತ್ತು ರಾಣಿ. ಆ ಸುತ್ತಿಗೆ ಪಾಟೀಲರು ಆಗಲೇ ಸಣ್ಣ ಎಲೆ ಹಾಕಿಯಾಗಿತ್ತು, ನನ್ನ ನಂತರದ ಸರದಿ ಅವರ ಜೊತೆಗಾರರದು. ರಾಜ ಪಾಟೀಲರ ಬಳಿ ಇದ್ದರೆ ರಾಣಿ ಹಾಕಬೇಕು, ಇಲ್ಲದಿದ್ದರೆ ಎಕ್ಕ. ವಿಮಲಾ ಕಣ್ಣು ಮುಚ್ಚಿ ಲೆಕ್ಕ ಹಾಕುತ್ತಿದ್ದಳು.

ಆ ರಾಣಿ ಸ್ವಲ್ಪ ಸೊಟ್ಟಗಿತ್ತು.

ನಾನು ಎಷ್ಟು ತಡೆದುಕೊಂಡೆ ಎಂಬುದು ದೇವರಿಗೇ ಗೊತ್ತು. ಕೊನೆಗೆ ಕೈ ತಾನೇ ಮುಂದೆ ಹೋಯಿತು. ರಾಣಿಯನ್ನು ಹಿಡಿದು, ಎರಡಿಂಚು ಮುಂದಕ್ಕೆಳೆದು, ನೆಟ್ಟಗೆ ಕೂರಿಸಿದೆ. ಅದೇ ಕ್ಷಣ ವಿಮಲಾ ಕಣ್ಣು ಬಿಟ್ಟು "ರಾಣಿ" ಎಂದಳು. ರಾಜ ಪಾಟೀಲರ ಕೈಯಲ್ಲೇ ಇತ್ತು. ಗೆದ್ದೆವು!

"ಡೈರೆಕ್ಟರ್!" ಎಂದು ಪಾಟೀಲರ ಜೊತೆಗಾರ ತೀರ್ಪುಗಾರರನ್ನು ಕೂಗಿದರು. ನಂಜುಂಡಪ್ಪನವರು ಮತ್ತೆ ಬಂದರು.

"ಸೊಟ್ಟಗಿತ್ತು, ಸರಿ ಮಾಡ್ದೆ ಅಷ್ಟೇ," ಎಂದೆ.

"ಸರಿ ಮಾಡೋಕ್ ಎರಡಿಂಚು ಎಳೀತಾರಾ ಸಾ? ಡಮ್ಮಿ ಸುಳಿವು ಕೊಟ್ಟಂಗಾಯ್ತು. ಎಕ್ಕ ಆಕಿದ್ರು ಅಂತ ಬರ್ಕೋತೀನಿ." ಎಕ್ಕ ಹಾಕಿದ್ದರೆ ಸೋಲು. ನಂಜುಂಡಪ್ಪನವರು ಹಾಗೆಂದೇ ಬರೆದುಕೊಂಡರು.

ವಿಮಲಾ ಬ್ಯಾಗೆತ್ತಿಕೊಂಡು ಎದ್ದಳು. ಬಸ್ ಸ್ಟಾಪಿನವರೆಗೆ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ನೋಡಿದರೆ ಅವಳ ಕಣ್ಣು ಕೆಂಪಾಗಿತ್ತು. ಮರುದಿನ ಕೇಳದೆಯೇ ಕುಕ್ಕರ್ ತೊಳೆದೆ. ಪ್ರಯೋಜನವಾಗಲಿಲ್ಲ.

ಮಂಗಳವಾರ ಪಾಟೀಲರೇ ಮನೆಗೆ ಬಂದರು. "ಅಕ್ಕಾರ, ನನ್ನ ಜೋಡೀದವ್ರ ಮಗಳ ಮದವಿ ಮೈಸೂರಿನ ಪಂದ್ಯದ ದಿನಾನಽ ಬಂದದ. ಕ್ಲಬ್ಬಿನವ್ರೂ ಹೂಂ ಅಂದಾರ. ಮೈಸೂರಿಗೆ ನನ್ನ ಜೋಡಿ ನೀವ ಬರ್ರಿ. ನೀವು ರಾಣೀನ ಹಾಕ್ತೀರಂತ ನಂಗ ಮೊದಲಽ ಗೊತ್ತಿತ್ತು."

ವಿಮಲಾಳ ಮುಖ ಅರಳಿತು. ನನ್ನ ಜೀವಕ್ಕೂ ಸಮಾಧಾನವಾಯಿತು. ಪ್ರಯಾಣದ ದಿನ ಸ್ಟೇಷನ್ನಿಗೆ ಬ್ಯಾಗು ಹೊತ್ತುಕೊಂಡು ಹೋದೆ. ರೈಲು ಹೊರಡುವ ಮುಂಚೆ ಕಿಟಕಿಯ ಹತ್ತಿರ ನಿಂತು, "ವಿಮಲಾ, ನಾನ್ ಆ ರಾಣಿ ಮುಟ್ಬಾರ್ದಿತ್ತು ಕಣೇ. ಕ್ಷಮಿಸ್ಬಿಡು," ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. ಎಷ್ಟೋ ವರ್ಷಗಳ ಮೇಲೆ ಅಷ್ಟು ಪ್ರೀತಿಯಿಂದ ನೋಡಿದಳು.

"ಅಯ್ಯೋ, ಬಿಡಿ ಅಂದ್ರೆ! ನೀವ್ ಮುಟ್ಟಿದ್ದೇ ಒಳ್ಳೇದಾಯ್ತು. ಇಲ್ದಿದ್ರೆ ನಾವೇ ಗೆಲ್ತಿದ್ವಿ, ಮೈಸೂರಲ್ಲೂ ನಿಮ್ ಜೊತೇನೇ ಆಡ್ಬೇಕಾಗ್ತಿತ್ತು!"