ಲೊರೇನಳಿಗೊಂದು ನೆರಳು

"ಎಡ್ಗರ್, ಈ ಟೆಕ್ಸಸ್ ಬಿಸಿಲಲ್ಲಿ ನನ್ನ ಬರೀ ಮಣ್ಣಲ್ಲಿ ಮಲಗಿಸಿ ಹೋಗ್ಬೇಡ. ಒಂದು ಓಕ್ ಮರ ನೆಡು." ಇಷ್ಟು ಹೇಳಿ ಹೆಂಡತಿ ಲೊರೇನ್ ಕಣ್ಣು ಮುಚ್ಚಿದಳು. ಯಾವ ಓಕ್ ಎಂದು ಹೇಳಲಿಲ್ಲ. ಎಡ್ಗರ್ ವೀಡ್ನರನ ಗ್ರಹಚಾರ ಶುರುವಾದದ್ದೇ ಅಲ್ಲಿಂದ.

ಅಕ್ಟೋಬರಿನ ಒಂದು ಶನಿವಾರ ಅವನು ಗುದ್ದಲಿ ಹಿಡಿದು ಚರ್ಚಿನ ಸ್ಮಶಾನಕ್ಕೆ ಹೋದರೆ, ನೆರೆಮನೆಯ ಒಟೀಲಿಯಾ ಆಗಲೇ ಒಂದು ಲೈವ್ ಓಕ್ ಸಸಿ ತಂದು ನಿಂತಿದ್ದಳು. ಎದುರುಮನೆಯ ಮಿಲ್ಟನ್ ತನ್ನ ಪಿಕಪ್‌ನಿಂದ ಒಂದು ಕೆಂಪು ಓಕ್ ಇಳಿಸುತ್ತಿದ್ದ.

"ಲೈವ್ ಓಕ್ ಚಳಿಗಾಲದಲ್ಲೂ ಹಸಿರಾಗಿರತ್ತೆ," ಎಂದಳು ಒಟೀಲಿಯಾ.

"ನೆರಳು ಬೀಳೋಕೆ ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಪಾಪ ಲೊರೇನ್ ಹುರಿದುಹೋಗ್ತಾಳೆ. ಕೆಂಪು ಓಕ್ ನೋಡು, ಸರಸರ ಬೆಳೆಯತ್ತೆ," ಎಂದ ಮಿಲ್ಟನ್.

"ಬೆಳೆದು ಜನವರೀಲಿ ಬೋಳಾಗತ್ತೆ, ನಿನ್ನ ತಲೆ ಥರ!"

ಎಡ್ಗರ್ ಏನೋ ಹೇಳಲು ಬಾಯಿ ತೆರೆದ. "ನೀನು ಸುಮ್ನಿರಪ್ಪ, ದುಃಖದಲ್ಲಿದೀಯ," ಎಂದರು ಇಬ್ಬರೂ.

ಮಿಲ್ಟನ್ ಸಮಾಧಿಯ ತಲೆಯ ಕಡೆ ಗುಂಡಿ ತೋಡಿಸಿದ. ಸಮಾಧಿಕಲ್ಲಿನ ಕೆಳಗಿನ ಕಾಂಕ್ರೀಟು ಅಡ್ಡ ಬಂತು. ಒಟೀಲಿಯಾ ಕಾಲಿನ ಕಡೆ ತೋಡಿಸಿದಳು. ಲೈವ್ ಓಕ್ ಅಡ್ಡಡ್ಡ ಹರಡಿ ಹಳೇ ಪಾದ್ರಿಗಳ ಸಮಾಧಿಯನ್ನೇ ನುಂಗುತ್ತದೆಂದು ಮಿಲ್ಟನ್ ಅದನ್ನು ಮುಚ್ಚಿಸಿದ. ತೋಡಿದವನೂ ಮುಚ್ಚಿದವನೂ ಎಡ್ಗರನೇ. ನೆತ್ತಿ ಸುಡುತ್ತಿತ್ತು. ಹೆಂಡತಿಯ ಕೊನೆಯ ಮಾತನ್ನೂ ನಡೆಸಲಾಗದ ತನ್ನ ಬಾಳು ನೆನೆದು ಅವನಿಗೆ ಅಳುವೇ ಬಂತು.

"ಸಾಕು ಮಾಡಿ! ಬೋಳು ಮರ ಕಂಡ್ರೆ ಅವಳಿಗಾಗ್ತಿರಲಿಲ್ಲ. ಲೈವ್ ಓಕೇ ನೆಡ್ತೀನಿ," ಎಂದು ಕಿರುಚಿದ.

ಲೊರೇನಳ ಎಡಕ್ಕೆ ಒಂದಿಷ್ಟು ಹುಲ್ಲುನೆಲ ಖಾಲಿಯಿತ್ತು. ಮಣ್ಣು ಬೆಣ್ಣೆಯ ಹಾಗೆ ಬಿಟ್ಟುಕೊಟ್ಟಿತು. ಎಡ್ಗರ್ ಸಸಿ ನೆಟ್ಟ, ಮಿಲ್ಟನ್ ನೀರು ತಂದ, ಒಟೀಲಿಯಾ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಸ್ಮಶಾನ ನೋಡಿಕೊಳ್ಳುವ ಹರ್ಮನ್ ಬಂದ. "ಮರವೇನೋ ಚೆನ್ನಾಗಿದೆ. ಆದ್ರೆ ಎಡ್ಗರ್, ಅದು ನಿನ್ನ ಜಾಗ ಅಲ್ವಾ?"

ಆ ಊರಲ್ಲಿ ಗಂಡಹೆಂಡಿರಿಗೆ ಒಂದೇ ಕಲ್ಲು. ಲೊರೇನಳ ಹೆಸರಿನ ಪಕ್ಕದಲ್ಲಿ ಎಡ್ಗರನ ಹೆಸರು, ಹುಟ್ಟಿದ ವರ್ಷ ಎಲ್ಲ ಕೆತ್ತಿಯಾಗಿತ್ತು. ಸತ್ತ ವರ್ಷವೊಂದೇ ಬಾಕಿ. ಜಗಳದ ಗದ್ದಲದಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಮದುವೆಯಾದ ಮೇಲೆ ಒಂದು ರಾತ್ರಿಯೂ ಅವಳನ್ನು ಬಿಟ್ಟು ಮಲಗದ ಎಡ್ಗರ್ ಸಸಿಯ ಬುಡಕ್ಕೆ ಕೈ ಹಾಕಿದ.

"ಕಿತ್ತುಬಿಡ್ತೀನಿ!"

"ಇಲ್ಲಿ ನೆಟ್ಟ ಮರ ಕೀಳೋ ಹಾಗಿಲ್ಲ. ಚರ್ಚಿನ ನಿಯಮ."

"ಮತ್ತೆ ನಾನೆಲ್ಲಿ ಮಲಗಲಿ?"

ಹರ್ಮನ್ ಪುಸ್ತಕ ತಿರುವಿದ. "ಇಡೀ ಸ್ಮಶಾನದಲ್ಲಿ ಇನ್ನೊಂದೇ ಜಾಗ ಉಳಿದಿದೆ, ಗೇಟಿನ ಹತ್ರ. ಅದರ ಬಲಕ್ಕೆ ಒಟೀಲಿಯಾ ಕಾದಿರಿಸಿದಾಳೆ, ಎಡಕ್ಕೆ ಮಿಲ್ಟನ್."

ಒಟೀಲಿಯಾ ಎಡ್ಗರನ ಬೆನ್ನು ಸವರಿದಳು. "ಯಾಕೆ ಅಳ್ತೀಯಪ್ಪ, ನಾವಿಬ್ರೂ ಇರ್ತೀವಲ್ಲ."