ಶಿವನ ದಿಬ್ಬಕ್ಕೆ ಒಂದು ಮಾರು ಕಡಿಮೆ

ಹೂವು ಸಾಲದೆ ಹೋಯಿತು ಎಂದು ಊರೆಲ್ಲ ಹೇಳುತ್ತಿದೆ. ಸುಳ್ಳು. ಹೂವು ಬೇಕಾದಷ್ಟಿತ್ತು. ನನ್ನ ತೋಳು ಗಿಡ್ಡ, ಬಾಯಿ ಉದ್ದ. ಆದದ್ದು ಇಷ್ಟೇ.

ಕೊತ್ತಗೆರೆ ಕಡೆಯ ನಮ್ಮೂರ ಕೆರೆಯ ನಡುವೆ ಒಂದು ದಿಬ್ಬವಿದೆ. ಸುತ್ತ ನೀರು, ಮೇಲೆ ಚಿಕ್ಕದೊಂದು ಈಶ್ವರನ ಗುಡಿ. ಕಾರ್ತಿಕದ ಕಡೆಯ ಸೋಮವಾರ ಬೀದಿಗೊಂದು ತೆಪ್ಪವನ್ನು ಹೂವಿನಲ್ಲಿ ಸಿಂಗರಿಸಿ, ಒಂದರ ಹಿಂದೊಂದು ದಿಬ್ಬಕ್ಕೆ ಹೊರಡಿಸುತ್ತಾರೆ. ಎಲ್ಲಕ್ಕಿಂತ ಮುಂದಿನ ತೆಪ್ಪದಲ್ಲಿ ನಮ್ಮ ಮನೆಯ ಸರ. ದಿಬ್ಬದ ಅಂಚಿಗೆ ಕಡ್ಡಿ ನೆಟ್ಟು ಆ ಸರವನ್ನು ಒಂದು ಸುತ್ತು ತರಬೇಕು. ತುದಿಗೆ ತುದಿ ಮುಟ್ಟಿದ ಮೇಲೆಯೇ ಮಂಗಳಾರತಿ. ಸರದ ನಡುವೆ ಗಂಟಿರಬಾರದು, ಸಂತೆಯ ಹೂವಿರಬಾರದು. ತುದಿ ಮುಟ್ಟದಿದ್ದರೆ ಸರ ಕಟ್ಟುವ ಹಕ್ಕು ಎದುರುಮನೆಗೆ ಹೋಗುತ್ತದೆ. ಎದುರುಮನೆಯಲ್ಲಿ ಚಿಕ್ಕತಾಯಮ್ಮ ಇದ್ದಾಳೆ. ಮದುವೆಯಾಗಿ ಬಂದಾಗಿನಿಂದ ಕಾಯುತ್ತಿದ್ದಾಳೆ!

ಸರ ಕಟ್ಟುತ್ತಿದ್ದವರು ನಮ್ಮತ್ತೆ. ಅಳತೆ ಇಪ್ಪತ್ತೊಂದು ಮಾರು. ಎರಡೂ ಕೈ ಚಾಚಿದರೆ ಒಂದು ಮಾರು. ನಾನು ಪಕ್ಕದಲ್ಲಿ ಕೂತು ಸೇವಂತಿಗೆ ಜೋಡಿಸಿ ಕೊಡುತ್ತಿದ್ದೆ. ನಲವತ್ತು ವರ್ಷ. ಬಾಳೆನಾರನ್ನು ನನ್ನ ಕೈಗೆ ಕೊಟ್ಟವರೇ ಅಲ್ಲ. ಈ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಯಾವ ಪರೀಕ್ಷೆಯೂ ಇಲ್ಲದೆ ನನಗೆ ಬಡ್ತಿ ಸಿಕ್ಕಿತು. ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇದಕ್ಕಿಂತ ದೊಡ್ಡ ಹುದ್ದೆ ಎಲ್ಲಿ ಸಿಗಬೇಕು?

ಸೋಮವಾರ ಬೆಳಿಗ್ಗೆ ಸರ ಮುಗಿಯಿತು. ನನ್ನ ಸೊಸೆ ಭಾಗ್ಯ ಕುಣಿಗಲ್ಲಿನ ಗಾರ್ಮೆಂಟ್ಸಿನಲ್ಲಿ ಚೆಕಿಂಗ್ ಕೆಲಸದವಳು. ಟೇಪು ಹಿಡಿದುಕೊಂಡು ಬಂದಳು.

“ಅತ್ತೆ, ಅಜ್ಜಿ ಎತ್ತರಕ್ಕಿದ್ರು. ಅವರ ಮಾರೇ ಬೇರೆ, ನಿಮ್ಮ ಮಾರೇ ಬೇರೆ. ಅವರ ಮಾರು ಎಷ್ಟಿಂಚು ಅಂತ ನಂಗೊತ್ತು, ಒಂದ್ಸಲ ಅಳೆದು ನೋಡ್ಬುಡೋಣ?”

“ದೇವ್ರ ಹೂವನ್ನ ಟೇಪಲ್ಲಿ ಅಳೀತಾರೇನೇ? ಇದೇನು ನಿಮ್ಮ ಫ್ಯಾಕ್ಟ್ರಿ ಪ್ಯಾಂಟಾ?”

“ಕಮ್ಮಿ ಬಂದ್ರೆ?”

“ಇಪ್ಪತ್ತೊಂದು ಅಂದ್ರೆ ಇಪ್ಪತ್ತೊಂದೇ ಕಣೇ. ಎಣಿಸೋಕೆ ಬರುತ್ತೆ ನಂಗೆ!”

“ಬುಡಿ ಅತ್ತೆ” ಎಂದು ಅವಳು ಟೇಪು ಸುತ್ತಿಕೊಂಡಳು.

ಎರಡು ಮಂಕರಿ ಹೂವು ಉಳಿದಿತ್ತು. ಹೂವು ಉಳಿದದ್ದು ಯಾಕೆ ಎಂದು ಬುದ್ಧಿಯಿದ್ದವರು ಯೋಚಿಸುತ್ತಾರೆ. ನಾನು ದಾನಕ್ಕೆ ಹೊರಟೆ. “ತಗೊಳೇ ತಾಯಮ್ಮ, ನಿಮ್ಮ ತೆಪ್ಪ ಬಡಕಲಾಗಿ ಕಾಣ್ತೈತೆ” ಎಂದು ಎರಡೂ ಮಂಕರಿಯನ್ನು ಚಿಕ್ಕತಾಯಮ್ಮನ ತೆಪ್ಪಕ್ಕೆ ಸುರಿದು ಬಂದೆ.

ಕೆರೆಯಲ್ಲಿ ಮೆರವಣಿಗೆ ಚೆನ್ನಾಗಿಯೇ ಹೋಯಿತು. ದಿಬ್ಬದ ಮೇಲೆ ಸರ ಕಡ್ಡಿಯಿಂದ ಕಡ್ಡಿಗೆ ಏರಿತು. ಸುತ್ತಿ ಬಂತು. ನಿಂತಿತು. ಎದುರಿಗೆ ಇನ್ನೊಂದು ತುದಿ ಕಾಣುತ್ತಿದೆ, ಮುಟ್ಟುತ್ತಿಲ್ಲ!

“ಕಡ್ಡಿ ದೂರ ನೆಟ್ಟವ್ರೆ” ಎಂದೆ.

“ಕಡ್ಡಿ ಹೋದ್ವರ್ಷದ ಗುಳಿಯಲ್ಲೇ ಅವೆ ಕಣವ್ವ” ಎಂದರು ಪೂಜೆಯ ಅಯ್ನೋರು.

“ಹಂಗಾದ್ರೆ ದಿಬ್ಬ ಊದಿಕೊಂಡೈತೆ.”

ಯಾರೂ ನಂಬಲಿಲ್ಲ. ಚಿಕ್ಕತಾಯಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು. ಅದು ದುಃಖಕ್ಕಲ್ಲ. ಅವಳ ತೆಪ್ಪದ ತುಂಬ ನನ್ನದೇ ಸೇವಂತಿಗೆ ನಗುತ್ತಿತ್ತು. ವಾಪಸ್ಸು ಕೇಳುವ ಹಾಗಿಲ್ಲ; ಕೇಳಿದರೂ ನಡುವೆ ಗಂಟು ಹಾಕುವ ಹಾಗಿಲ್ಲ.

ಕಡಿಮೆ ಬಿದ್ದದ್ದು ಸರಿಯಾಗಿ ಒಂದು ಮಾರು. ನನ್ನ ಮಾರು! ಹೇಗೆ ಗೊತ್ತಾಯಿತೆಂದರೆ, ನಾನು ಹೋಗಿ ನಡುವೆ ನಿಂತು, ಆ ಕೈಯಲ್ಲಿ ಆ ತುದಿ, ಈ ಕೈಯಲ್ಲಿ ಈ ತುದಿ ಹಿಡಿದುಬಿಟ್ಟೆ.

“ಮುಟ್ಟೈತೆ ಅಯ್ನೋರೇ, ಆರತಿ ಎತ್ತಿ!”

“ಅದೆಂಗೆ? ಸರ ಅಂದ್ರೆ ಪೂರ್ತಿ ಹೂವಿರ್ಬೇಕು” ಎಂದಳು ಚಿಕ್ಕತಾಯಮ್ಮ. “ಇವಳು ಯಾವ ಹೂವಂತೆ?”

ಭಾಗ್ಯ ಹಿಂದಿನಿಂದ ಹೇಳಿದಳು: “ಕಣಗಿಲೆ ಅಂದ್ಕೊಳಿ ಚಿಕ್ಕಮ್ಮ. ಶಿವನಿಗೆ ಆಗುತ್ತೆ, ಬೇರೆಯವ್ರಿಗೆ ವಿಷ.”

ದಿಬ್ಬ ಅಲ್ಲಾಡುವ ಹಾಗೆ ಜನ ನಕ್ಕರು. ಅಯ್ನೋರೂ ನಗುತ್ತಲೇ ಆರತಿ ಎತ್ತಿದರು. ಈ ವರ್ಷ ಸ್ವಾಮಿಗೆ ಅರ್ಪಿತವಾದ ಪುಷ್ಪಗಳು ಯಾವುವೆಂದರೆ ಸೇವಂತಿಗೆ, ಮರುಗ ಮತ್ತು ನಾನು.

ಆರತಿ ಬೇಗ ಮುಗಿಯಲಿಲ್ಲ. ಮೂಗಿನ ಮೇಲೆ ನೊಣ ಕೂತಿತು. ನೊಣ ಓಡಿಸುವ ಅಧಿಕಾರ ಹೂವಿಗಿಲ್ಲ. ಕೈ ಚಾಚಿ ನಿಂತವಳಿಗೆ ಬೇರೆ ಕೆಲಸವೂ ಇರಲಿಲ್ಲ, ಅದಕ್ಕೇ ಯೋಚನೆ ಬಂತು. ಅತ್ತೆ ನನ್ನನ್ನು ನಲವತ್ತು ವರ್ಷ ಮಂಕರಿಯ ಪಕ್ಕ ಕೂರಿಸಿದರು ಎಂದು ಕಂಡವರ ಮುಂದೆಲ್ಲ ದೂರಿದವಳು ನಾನು. ಭಾಗ್ಯ ಈ ಮನೆಗೆ ಬಂದು ಹನ್ನೊಂದು ವರ್ಷ. ನಾನು ಅವಳನ್ನು ಮಂಕರಿಯ ಪಕ್ಕಕ್ಕೂ ಕರೆದಿರಲಿಲ್ಲ. “ನಿಂಗೆ ಬರಲ್ಲ ಬುಡು” ಎಂದಿದ್ದೆ. ಬರುತ್ತದೋ ಇಲ್ಲವೋ ನೋಡಿದವರು ಯಾರು?

ಆರತಿಯಾದ ಮೇಲೆ ಅಯ್ನೋರು ತೀರ್ಪು ಕೊಟ್ಟರು. “ಮುಟ್ಟಿತು ಅನ್ನಂಗಿಲ್ಲ, ಮುಟ್ಟಲಿಲ್ಲ ಅನ್ನಂಗೂ ಇಲ್ಲ. ಹಕ್ಕು ಆ ಮನೇಲೇ ಇರ್ಲಿ. ಬರೋ ವರ್ಷ ಕಟ್ಟೋರು ಯಾರು ಅಂತ ಮಾತ್ರ ಮನೆಯೋರು ಬಂದು ಹೇಳ್ಬೇಕು.”

ಮಾರನೆಯ ದಿನ ಬೆಳಿಗ್ಗೆ ಎದ್ದವಳೇ ಅಯ್ನೋರ ಮನೆಗೆ ಹೋದೆ. ಎರಡು ಭುಜವೂ ಮೇಲೇಳುತ್ತಿರಲಿಲ್ಲ. ಬಹಳ ದೊಡ್ಡ ತ್ಯಾಗ ಮಾಡುವವಳ ಹಾಗೆ ಕೆಮ್ಮಿ, “ಬರೋ ವರ್ಷದಿಂದ ನಮ್ಮ ಭಾಗ್ಯ ಕಟ್ತಾಳೆ” ಎಂದೆ.

“ಗೊತ್ತು ಕಣವ್ವ” ಎಂದರು ಅಯ್ನೋರು. “ನೀನು ಕೈ ಚಾಚ್ಕೊಂಡು ನಿಂತಿದ್ದಾಗ್ಲೇ ಊರೋರೆಲ್ಲ ಅದನ್ನೇ ಮಾತಾಡ್ಕೊಂಡ್ರು.”

ಮನೆಗೆ ಬಂದೆ. ಭಾಗ್ಯ ಕಾಫಿ ಕೊಟ್ಟಳು. ಸಕ್ಕರೆ ಕಡಿಮೆಯಾಗಿತ್ತು. ಹೇಳಲಿಲ್ಲ, ಕುಡಿದೆ.