ನೀಲಕಂಠಗೌಡನ ಬೆಳಕಿಂಡಿ ವಿಜಯ

ಭಾನುವಾರ ಬೆಳಿಗ್ಗೆ ಎಂಟೂ ಹತ್ತು. ಹುಬ್ಬಳ್ಳಿಯಲ್ಲಿ ನೀಲಕಂಠಗೌಡನ ಕಾರಿನ ಸನ್‌ರೂಫ್ ಮುಚ್ಚುತ್ತಿರಲಿಲ್ಲ. ಗುಂಡಿ ಒತ್ತಿದರೆ ಅರ್ಧ ಬಂದು ಮತ್ತೆ ಹಿಂದೆ ಸರಿಯುತ್ತಿತ್ತು.

ಎಲೈ, ಬೆರಳ ತುದಿಯಿಂದ ಗಗನವನ್ನೇ ತೆರೆಯುವ ಯುಗವೇ, ಕೇಳು! ಧೂಳಿಧೂಸರ-ರಾಜಮಾರ್ಗ-ಸಂಚಾರಧೀರನೂ, ಗ್ಯಾರೇಜು-ಗಮನ-ವಿಮುಖನೂ, ಸ್ವಹಸ್ತ-ದುರಸ್ತಿ-ಧುರಂಧರನೂ ಆದ ಗೌಡನ ಸಮರವನ್ನು ಹೇಳುತ್ತೇನೆ.

ಹತ್ತಕ್ಕೆ ಗದಗಿಗೆ ಹೊರಡಬೇಕಿತ್ತು. ಹೆಂಡತಿ ಗಂಗಾಂಬಿಕೆಯ ತಮ್ಮ ಬಸವಂತನ ಕೂಸಿಗೆ ಅಲ್ಲಿ, ಅದರ ತಾಯಿಯ ತವರಲ್ಲಿ, ಹೆಸರಿಡುವ ಕಾರ್ಯ. ಗೌಡನ ಕಾರು ಕೈಕೊಟ್ಟರೆ ಬಸವಂತನ ಪುಟ್ಟ ಕಾರೇ ಗತಿ. ಆ ಬಸವಂತ ಆಗಲೇ ಗೇಟಿಗೆ ಒರಗಿ ಚಹಾ ಕುಡಿಯುತ್ತಿದ್ದ.

"ಚಿಂತಿ ಬ್ಯಾಡ್ರಿ ಮಾಮಾರ. ನಿಮ್ಮ ಬೆಳಕಿಂಡಿ ಮುಚ್ಚಲಿಲ್ಲಂದ್ರ ನನ್ನ ಗಾಡ್ಯಾಗ ಹಿಂದಿನ ಸೀಟು ನಿಮ್ದ."

ಬೆಳಕಿಂಡಿ! ಮಾಳಿಗೆ ಮನೆಯಲ್ಲಿ ಬೆಳಕು ಬರಲು, ಹೊಗೆ ಹೋಗಲು ಬಿಡುವ ಕಿಂಡಿಯ ಹೆಸರು ತನ್ನ ಸನ್‌ರೂಫಿಗೆ ಬಿದ್ದದ್ದನ್ನು ಕೇಳಿದೊಡನೆ, ಪ್ರಳಯಕಾಲದ ಸಾಗರದಂತೆ ಗೌಡನ ಕಪ್ಪಿನ ಚಹಾ ಬಸಿಗೆ ಉಕ್ಕಿತು.

"ಕೇಳು, ಹಿಂಬದಿ ಸೀಟಿನ ಅಧಿಪತಿಯೇ! ಹತ್ತರೊಳಗೆ ಈ ಗಾಜಿನ ಬಾಯಿ ಮುಚ್ಚಿಸದಿದ್ದರೆ, ಉಡುಗೊರೆಯ ತೊಟ್ಟಿಲನ್ನು ತೊಡೆಯ ಮೇಲಿಟ್ಟುಕೊಂಡು ನಿನ್ನ ಬೆನ್ನ ಹಿಂದೆಯೇ ಗದಗಿನವರೆಗೆ ಕೂರುವೆನು!"

ಗಂಗಾಂಬಿಕೆ ಕೊಬ್ಬರಿ ಎಣ್ಣೆಯ ಬಾಟಲಿ ತಂದಳು. ಎಣ್ಣೆಗೆ ಧೂಳು ಅಂಟುತ್ತದೆ ಎಂದು ಗೌಡ ಅದನ್ನು ನಿರಾಕರಿಸಿದ. ಆ ಮಾತು ಸರಿಯಾಗಿಯೇ ಇತ್ತು.

ಬಳಿಕ, ಮನೆಮಂದಿಯ ದಂತಪಂಕ್ತಿಗಳನ್ನು ಬೆಳಗಿ ನಿವೃತ್ತವಾಗಿದ್ದ ಹಳೆಯ ಬ್ರಷ್ಷೆಂಬ ದಿವ್ಯಾಸ್ತ್ರವನ್ನು ಹಿಡಿದು, ಸೀಟಿನ ಮೇಲೆ ಮೊಣಕಾಲೂರಿ, ಛಾವಣಿಯ ರಂಧ್ರದಿಂದ ಉದಯಭಾಸ್ಕರನಂತೆ ತಲೆಯೆತ್ತಿ, ಗಾಜು ಸರಿಯುವ ಎಡಗಡೆಯ ಹಳಿಯ ಮೇಲೆ ಆತ ದಾಳಿಯಿಟ್ಟ. ಕೆಮ್ಮಣ್ಣಿನ ಸೇನೆ ಚದುರಿತು. ಒಣಗಿದ ಚೆಂಡುಹೂವಿನ ಎಸಳುಗಳು ಶರಣಾದವು. ಹಳಿಯ ಮೂಲೆಯಲ್ಲಿ ಮಾತ್ರ ಯಾವುದೋ ಗಟ್ಟಿ ವೈರಿ ಕದಲದೆ ಕುಳಿತಿತ್ತು. ಹೆಂಡತಿಯ ಹೇರ್‌ಪಿನ್ನಿನಿಂದ ಇರಿದಾಗ ಅಂಗೈಗೆ ಬಿದ್ದದ್ದು ಹಳದಿ ಅಕ್ಕಿಕಾಳು.

ಬಸವಂತ ಹತ್ತಿರ ಬಂದು ನೋಡಿದ. ಅದು ಅವನ ಮದುವೆಯ ಅಕ್ಷತೆ. ಮೆರವಣಿಗೆಯಲ್ಲಿ ಅವನೂ ಮದುಮಗಳೂ ಇದೇ ಕಿಂಡಿಯಲ್ಲಿ ನಿಂತಿದ್ದರು.

"ಸಿಕ್ಕಿತು ದ್ರೋಹಿಯ ಗುರುತು!" ಎಂದು ಗೌಡ ಗರ್ಜಿಸಿದ.

"ಹೌದ್ರಿ," ಎಂದಳು ಗಂಗಾಂಬಿಕೆ. "ಒಲ್ಲೆ ಅಂದವನ್ನ ಎಳಕೊಂಡು ಅದರಾಗ ನಿಂದರಿಸಿದವರು ಯಾರು?"

ಗೌಡ ಅರಿವೆಯಿಂದ ಹಳಿ ಒರೆಸತೊಡಗಿದ. ತೆಳುವಾಗಿ ಗ್ರೀಸ್ ಸವರಿ ಗುಂಡಿ ಒತ್ತಿದ. ಗಾಜು ಸದ್ದಿಲ್ಲದೆ ಸರಿದು ಮುಚ್ಚಿಕೊಂಡಿತು. ಗಂಗಾಂಬಿಕೆ ಅಕ್ಷತೆ ಕಾಳನ್ನು ಸೆರಗಿಗೆ ಕಟ್ಟಿಕೊಂಡಳು, ಕೂಸಿನ ತೊಟ್ಟಿಲಿಗೆ ಹಾಕಲು.

ಬಸವಂತ ತನ್ನ ಕಾರನ್ನು ಅಲ್ಲೇ ಬಿಟ್ಟು ಗೌಡನ ಕಾರಿನ ಹಿಂದೆ ಕೂತ, ತೊಟ್ಟಿಲು ಅವನ ತೊಡೆಯ ಮೇಲೆ. ಅಣ್ಣಿಗೇರಿ ದಾಟಿದ ಮೇಲೆ ಗೌಡ ವಿಜಯೋತ್ಸವಕ್ಕೆಂದು ಛಾವಣಿ ತೆರೆದ. ಬಸವಂತ ತಲೆಯ ಮೇಲೆ ಟವೆಲ್ ಹಾಕಿಕೊಂಡ. "ಬಿಸಿಲು," ಎಂದಳು ಗಂಗಾಂಬಿಕೆ.

ಗೌಡ ಮುಚ್ಚಿದ.